ಸರದಿ ಬಂದಾಗ ಬಾರದಾದ ಮನೆ: ಪೀಣ್ಯ ಕಡೆಯ ಒಂದು ಪ್ರಾರ್ಥನಾ ಕೂಟದ ಒಂದು ವರ್ಷ

ಬೆಂಗಳೂರಿನ ಪೀಣ್ಯ, ದಾಸರಹಳ್ಳಿ, ಜಾಲಹಳ್ಳಿ ಕಡೆ ಇರುವ ಕನ್ನಡ ಕ್ರೈಸ್ತ ಕುಟುಂಬಗಳಲ್ಲಿ ಹೆಚ್ಚಿನವು ಹೊಟ್ಟೆಪಾಡಿಗೆ ಬೇರೆ ಊರಿಂದ ಬಂದವು. ಹುಬ್ಬಳ್ಳಿ, ಗದಗ ಕಡೆಯವರಿದ್ದಾರೆ. ತುಮಕೂರು, ಹಾಸನದವರಿದ್ದಾರೆ. ಮಂಗಳೂರು, ಉಡುಪಿಯವರೂ ಇದ್ದಾರೆ. ಭಾನುವಾರ ಆರಾಧನೆಗೆ ಊರೊಳಗಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗೆ, ಅಂದರೆ ಚರ್ಚಿಗೆ, ಹೋಗಬೇಕು. ಮೆಟ್ರೊ ಬಂದ ಮೇಲೆ ಹೋಗೋದು ಸುಲಭ ಆಯಿತು. ಆದರೆ ಆರಾಧನೆ ಮುಗಿದ ಕೂಡಲೇ ಮತ್ತೆ ಮೆಟ್ರೊ ಹತ್ತಿ ಮನೆಗೆ. ಒಂದೇ ಸಾಲಿನಲ್ಲಿ ಕೂತು ಹಾಡುವವರು ನಮ್ಮ ಹಿಂದಿನ ಬೀದಿಯಲ್ಲೇ ಇದ್ದಾರೆ ಅಂತ ಎಷ್ಟೋ ಜನರಿಗೆ ಗೊತ್ತೇ ಇರಲಿಲ್ಲ.

ಅದಕ್ಕೇ ಕಳೆದ ವರ್ಷ ಜನವರಿಯಲ್ಲಿ ಅಯ್ಯನವರು, ಅಂದರೆ ನಮ್ಮ ಸಭೆಯ ಪಾದ್ರಿ, ಈ ಭಾಗದ 9 ಮನೆ ಸೇರಿಸಿ ಒಂದು ಮನೆ ಪ್ರಾರ್ಥನಾ ಕೂಟ ಶುರು ಮಾಡಿಸಿದರು. ಮಕ್ಕಳು ಮರಿ ಎಲ್ಲ ಸೇರಿ 30 ಜನ ಆಗಬಹುದು. ಹಾಜರಿ ಪುಸ್ತಕ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕೂಟ ನಡೆಸೋದು ಹೇಗೆ ಅಂತ ಹೇಳಿಕೊಡುವ ಪುಸ್ತಕಗಳು ಬೇಕಾದಷ್ಟಿವೆ. ಒಂದು ಕೂಟ ಎಲ್ಲಿ ಸೊರಗುತ್ತೆ, ಯಾಕೆ ಸೊರಗುತ್ತೆ ಅಂತ ಬರೆದಿಟ್ಟವರು ಕಡಿಮೆ. ಬೇರೆ ಸಭೆಗಳಲ್ಲಿ ಇಂಥ ಕೂಟ ನಡೆಸುವವರಿಗೆ ಪ್ರಯೋಜನ ಆಗಲಿ ಅಂತ ನಮ್ಮ ಕೂಟದ ಒಂದು ವರ್ಷವನ್ನು ಇಲ್ಲಿ ಬರೆದಿದ್ದೇನೆ. ಯಾರ ಹೆಸರೂ ಹಾಕಿಲ್ಲ. ಕೆಲವು ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ.

ಕೂಟದ ವ್ಯವಸ್ಥೆ

ಶನಿವಾರ ಸಂಜೆ 7 ಗಂಟೆಗೆ. ವಾರಕ್ಕೊಂದು ಮನೆ, ಸರದಿ ಪ್ರಕಾರ. ಎರಡು ಹಾಡು, ಸತ್ಯವೇದದಿಂದ (ಬೈಬಲ್) ಒಂದು ಭಾಗ, ಅದರ ಮೇಲೆ ಮಾತುಕತೆ, ಪ್ರಾರ್ಥನಾ ವಿಷಯಗಳು, ಪ್ರಾರ್ಥನೆ. ಕೊನೆಗೆ ಟೀ. ಒಂದೂವರೆ ಗಂಟೆಯಲ್ಲಿ ಮುಗಿಯಬೇಕು ಅಂತ ಮಾತಾಗಿತ್ತು. ಕಾಣಿಕೆ ಎತ್ತೋದು ಬೇಡ ಅಂತ ಅಯ್ಯನವರು ಮೊದಲ ದಿನವೇ ಹೇಳಿದ್ದರು. ಅದೊಂದು ಒಳ್ಳೇ ಕೆಲಸ ಮಾಡಿದರು. ದುಡ್ಡಿನ ಡಬ್ಬಿ ಇಲ್ಲದ ಕಡೆ ಅರ್ಧ ಜಗಳ ಇರೋದಿಲ್ಲ.

ಮುಂದಾಳು ಎಚ್‌ಎಂಟಿ ಅಂಕಲ್. ವಾಚ್ ಕಾರ್ಖಾನೆಯಲ್ಲಿ ಇದ್ದವರು, ವಿಆರ್‌ಎಸ್ ತಗೊಂಡು ಎಷ್ಟೋ ವರ್ಷ ಆಯಿತು. ಸ್ವಂತ ಮನೆ, ದೊಡ್ಡ ಹಾಲು. ಅವರ ಹೆಂಡತಿಯನ್ನು ಎಲ್ಲರೂ ಆಂಟಿ ಅಂತಾರೆ. ತುಮಕೂರು ಕಡೆಯ ಒಬ್ಬರು ಪೀಣ್ಯದಲ್ಲಿ ಲೇತ್ ಶೆಡ್ ಇಟ್ಟುಕೊಂಡಿದ್ದಾರೆ, ನಮಗೆ ಅವರು ವರ್ಕ್‌ಶಾಪ್ ಅಣ್ಣ. ಉಡುಪಿ ಕಡೆಯ ಒಬ್ಬ ನರ್ಸ್, ಸಿಸ್ಟರ್. ಗದಗಿನಿಂದ ಬಂದ ಒಬ್ಬ ಅಕ್ಕ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಅವರ ಯಜಮಾನರು ಗೂಡ್ಸ್ ಟೆಂಪೊ ಓಡಿಸುತ್ತಾರೆ, ವಾರದ ಅರ್ಧದಷ್ಟು ದಿನಗಳು ಊರಲ್ಲೇ ಇರೋದಿಲ್ಲ. ಈ ಬರಹದಲ್ಲಿ ಮುಖ್ಯವಾಗಿ ಬರೋದು ಆ ಗದಗಿನ ಅಕ್ಕ.

ಮೊದಲ ವಾರಗಳು ಚೆನ್ನಾಗಿದ್ದವು. ಹಾಡಿನಲ್ಲೇ ಒಂದು ತಮಾಷೆ ಇತ್ತು. ಮಂಗಳೂರು ಮತ್ತು ಧಾರವಾಡ ಸೀಮೆಯವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಮೂಲದವರು, 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದ ಮಿಷನ್ ಅದು. ತುಮಕೂರು, ಹಾಸನದವರು ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ ಮೂಲದವರು. ಎರಡೂ ಸಿಎಸ್‌ಐ ಸೇರಿದ ಮೇಲೆ ಹೆಸರಿಗೆ ಒಂದೇ ಸಭೆ. ಆದರೆ ಕೀರ್ತನೆ ಶುರುವಾದರೆ ಒಂದೇ ಸಾಹಿತ್ಯಕ್ಕೆ ಎರಡು ರಾಗ. ಸಿಸ್ಟರ್ ಜರ್ಮನ್ ರಾಗದಲ್ಲಿ ನಿಧಾನವಾಗಿ ಎಳೆಯುತ್ತಿದ್ದರು, ವರ್ಕ್‌ಶಾಪ್ ಅಣ್ಣ ಎರಡನೇ ಚರಣಕ್ಕೆ ಹೋಗಿ ಕಾಯುತ್ತಿದ್ದರು. ಎಲ್ಲರೂ ನಗುತ್ತಿದ್ದೆವು. ಮಾತುಕತೆಯಲ್ಲಿ ಎಲ್ಲರೂ ಬಾಯಿ ಬಿಡುತ್ತಿದ್ದರು. ಭಾನುವಾರ ಅಯ್ಯನವರ ಪ್ರಸಂಗ (ಪ್ರವಚನ) ಕೇಳಿ ಎದ್ದು ಬರುವವರಿಗೆ ಇದೇ ಹೊಸದು.

ತಿಂಡಿ

ಮೊದಲ ಶನಿವಾರ ಅಂಕಲ್ ಮನೆಯಲ್ಲಿ ಟೀ, ಮಾರಿ ಬಿಸ್ಕತ್ತು. ಎರಡನೇ ವಾರ ಬಜ್ಜಿ. ಮೂರನೇ ವಾರ ಕೇಸರಿಬಾತು, ಖಾರಾಬಾತು. ನಾಲ್ಕನೇ ವಾರ ಬೇಕರಿಯಿಂದ ಚಿಕನ್ ಪಫ್ಸ್, ಜೂಸ್ ಪ್ಯಾಕೆಟ್. ಯಾರೂ ಸ್ಪರ್ಧೆ ಅಂತ ಮಾಡಿದ್ದಲ್ಲ. ಬಂದವರಿಗೆ ಹೊಟ್ಟೆ ತುಂಬ ಕೊಡಬೇಕು ಅನ್ನೋದು ನಮ್ಮ ರಕ್ತದಲ್ಲೇ ಇದೆ. ಹಿಂದಿನ ಮನೆಯಲ್ಲಿ ಏನು ಕೊಟ್ಟರು ಅಂತ ಗೊತ್ತಿರುವಾಗ ಅದಕ್ಕಿಂತ ಕಡಿಮೆ ಕೊಡೋಕೆ ಯಾವ ಗೃಹಿಣಿಗೂ ಮನಸ್ಸು ಬರೋದಿಲ್ಲ. ಈಸ್ಟರ್ ಹೊತ್ತಿಗೆ ವರ್ಕ್‌ಶಾಪ್ ಅಣ್ಣನ ಮಗಳಿಗೆ ಕೆಲಸ ಸಿಕ್ಕಿತು. ಸ್ತೋತ್ರ ಪ್ರಾರ್ಥನೆ, ಅಂದರೆ ದೇವರಿಗೆ ಕೃತಜ್ಞತೆಯ ಪ್ರಾರ್ಥನೆ, ಇಟ್ಟುಕೊಂಡರು. ಚಿಕನ್ ಬಿರಿಯಾನಿ, ರಾಯ್ತ, ಐಸ್‌ಕ್ರೀಂ. ಅವತ್ತು ಹಾಜರಿ ಪೂರ್ತಿ.

ಈಗ ಹಾಜರಿ ಪುಸ್ತಕ ತೆರೆದರೆ ಇನ್ನೊಂದು ವಿಷಯವೂ ಕಾಣುತ್ತೆ. ಗದಗಿನ ಅಕ್ಕನ ಸರದಿ ಮೊದಲು ಬಂದದ್ದು ಫೆಬ್ರವರಿಯಲ್ಲಿ. "ಈ ವಾರ ಬ್ಯಾಡ್ರಿ, ನೀರ ಬಂದಿಲ್ಲ" ಅಂದರು. ಬೆಂಗಳೂರಿನಲ್ಲಿ ಫೆಬ್ರವರಿಗೇ ನೀರು ಬಂದಿಲ್ಲ ಅಂದರೆ ಯಾರು ನಂಬೋದಿಲ್ಲ? ಸರದಿ ಮುಂದಿನವರಿಗೆ ಹೋಯಿತು. ಎರಡನೇ ಸಲ ಏಪ್ರಿಲ್ ಕೊನೆಯಲ್ಲಿ ಬಂತು. ಅವರು ಊರಿಗೆ ಹೋಗಿದ್ದರು. ಅದಾದ ಮೇಲೆ ಅವರ ಹೆಸರಿನ ಮುಂದೆ ಮೇ ತಿಂಗಳಿಡೀ ಖಾಲಿ. ಜೂನ್ ಕೂಡ ಖಾಲಿ. ಇನ್ನೂ ಒಂದು ಮನೆಯವರು ತಮ್ಮ ಸರದಿಯ ವಾರ ಬಿಟ್ಟು ಬಿಟ್ಟು ಬರುತ್ತಿದ್ದರು. ಅವರದ್ದೂ ಬಾಡಿಗೆ ಮನೆ, ಒಂದು ಕೋಣೆ.

ಆಗ ಕೂಟ ಮಾಡಿದ್ದೇನು? ಪ್ರಾರ್ಥನೆ. ಪ್ರತಿ ಶನಿವಾರ ಅಕ್ಕನ ಹೆಸರು ಹೇಳಿ, ವಿಶ್ವಾಸದಲ್ಲಿ ಹಿಂದೆ ಬಿದ್ದ ಕುಟುಂಬವನ್ನು ಎಬ್ಬಿಸು ಕರ್ತನೇ ಅಂತ ಬೇಡಿಕೊಂಡೆವು. ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಬೆಳಿಗ್ಗೆ ವಚನ ಹಾಕುವವರು ಒಂದು ದಿನ ಅವರಿಗಾಗಿಯೇ ಒಂದು ವಚನ ಹಾಕಿದರು. ಕೆಳಗೆ ಸಾಲಾಗಿ ಆಮೆನ್. ಅಕ್ಕನೂ ಆ ಗ್ರೂಪಿನಲ್ಲೇ ಇದ್ದರು ಅನ್ನೋದು ಯಾರಿಗೂ ಹೊಳೆಯಲಿಲ್ಲ. ಅವರ ಮನೆ ಅಂಕಲ್ ಮನೆಯಿಂದ ನಡೆದರೆ ಹತ್ತು ನಿಮಿಷ.

ಇಂಥ ಕೂಟಗಳ ಬಗ್ಗೆ ನನಗಿರುವ ದೊಡ್ಡ ತಕರಾರು ಇದೇ. ನಮ್ಮಲ್ಲಿ ಪ್ರತಿಯೊಂದಕ್ಕೂ ಆತ್ಮಿಕ ಕಾರಣ ಸಿದ್ಧವಾಗಿರುತ್ತೆ. ಬಾರದಿದ್ದರೆ ವಿಶ್ವಾಸದಲ್ಲಿ ಹಿಂಜಾರಿಕೆ, ಬಂದರೆ ಉಜ್ಜೀವನ, ಅಂದರೆ ವಿಶ್ವಾಸಕ್ಕೆ ಹೊಸ ಜೀವ. ಗ್ಯಾಸ್ ಮುಗಿದಿರಬಹುದು, ಓವರ್‌ಟೈಮ್ ಇರಬಹುದು, ಕೂರಿಸೋಕೆ ಜಾಗ ಇಲ್ಲದೆ ಇರಬಹುದು ಅಂತ ಯೋಚನೆ ಹೋಗೋದೇ ಇಲ್ಲ.

ರಸೀದಿ ಕೊಡಲು ಹೋದಾಗ

ಜುಲೈನಲ್ಲಿ ಆಂಟಿ ಅಕ್ಕನ ಮನೆಗೆ ಹೋದರು. ಕೂಟದ ಕೆಲಸಕ್ಕಲ್ಲ. ಸಭೆಯ ಮಹಿಳಾ ಕೂಟದ ಚಂದಾ ರಸೀದಿ ಕೊಡಬೇಕಿತ್ತು ಅಷ್ಟೇ. ವಾರದ ಮಧ್ಯೆ, ರಾತ್ರಿ ಎಂಟರ ಹೊತ್ತಿಗೆ. ಅಕ್ಕ ಆಗಷ್ಟೇ ಫ್ಯಾಕ್ಟರಿಯಿಂದ ಬಂದು ಅನ್ನಕ್ಕಿಟ್ಟಿದ್ದರು. ವಠಾರದ ಮೇಲಿನ ಶೀಟ್ ಮನೆ. ಒಂದು ಕೋಣೆ, ಮೂಲೆಯಲ್ಲಿ ಅಡುಗೆ ಕಟ್ಟೆ. ಒಂದು ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ಮಡಿಚಿಟ್ಟ ಯೂನಿಫಾರಂ. ಆಂಟಿ ನೆಲದ ಮೇಲೇ ಕೂತರು. ಟೀ ಬೇಡ ಅಂದರೂ ಅಕ್ಕ ಇಟ್ಟರು. ಹಾಲು ಇರಲಿಲ್ಲ, ಕರೀ ಚಹಾಕ್ಕೆ ನಿಂಬೆ ಹಿಂಡಿ ಕೊಟ್ಟರು.

ಸುಮಾರು ಹೊತ್ತು ಮಕ್ಕಳ ಮಾತು, ಊರಿನ ಮಾತು ಆಯಿತಂತೆ. ಆಮೇಲೆ ಅಕ್ಕನೇ ಶುರು ಮಾಡಿದರಂತೆ. "ಅಕ್ಕಾರ, ನಿಮ್ಮ ಮನಿಯಾಗ ಬಿರಿಯಾನಿ ತಿಂದು, ನಮ್ಮ ಮನಿಗೆ ಬಂದಾಗ ಬರೇ ಚಾ ಕುಡಿಸಿ ಕಳಸ್ಲೇನ್ರಿ? ಮೂವತ್ತು ಮಂದಿಗೆ ಪಫ್ಸ ತರಬೇಕಂದ್ರ ಎಷ್ಟಾಕ್ಕೈತಿ ನೀವ ಹೇಳ್ರಿ."

ಬಿರಿಯಾನಿ ಮಾಡಿದ್ದು ಆಂಟಿ ಮನೆಯಲ್ಲಲ್ಲ. ಆದರೆ ಅಕ್ಕನ ಲೆಕ್ಕದಲ್ಲಿ ಕುರ್ಚಿ ಇರುವ ಮನೆಗಳೆಲ್ಲ ಒಂದೇ.

ಲೆಕ್ಕ ಅವರು ಆಗಲೇ ಹಾಕಿದ್ದರು. ಪಫ್ಸ್, ಜೂಸ್ ಸೇರಿ ಸಾವಿರ ದಾಟುತ್ತೆ. ಗಾರ್ಮೆಂಟ್ಸ್‌ನಲ್ಲಿ ಸಂಬಳ ಕೈಗೆ ಬರೋದು ಮುಂದಿನ ತಿಂಗಳ 7ಕ್ಕೋ 10ಕ್ಕೋ. ಅವರ ಸರದಿ ಎರಡೂ ಸಲ ತಿಂಗಳ ಕೊನೆಗೇ ಬಿದ್ದಿತ್ತು. ಬಾಡಿಗೆ, ಸ್ಕೂಲ್ ಫೀಸು, ಊರಿಗೆ ಕಳಿಸೋದು ಎಲ್ಲ ಮುಗಿದು ಕೈ ಬರಿದಾಗಿರುವ ವಾರ. ಸಾಲ ಮಾಡಿ ತಿಂಡಿ ಕೊಡಬಹುದಿತ್ತು. ಸರದಿ ತಪ್ಪಿಸಿದರು. ಎರಡು ಸಲ ತಪ್ಪಿಸಿದ ಮೇಲೆ, ಬೇರೆಯವರ ಮನೆಗೆ ಹೋಗಿ ತಿಂದು ಬರೋಕೆ ಮುಖ ಇಲ್ಲದಾಯಿತು. ಸರಳ ಲೆಕ್ಕ. ಇದರಲ್ಲಿ ವಿಶ್ವಾಸದ ಮಾತೇ ಇಲ್ಲ. ಅವರು ಬೆಳಿಗ್ಗೆ ಐದಕ್ಕೆ ಎದ್ದು ಮಕ್ಕಳನ್ನು ಕೂರಿಸಿಕೊಂಡು ಒಂದು ಕೀರ್ತನೆ ಹೇಳಿಯೇ ಕೆಲಸಕ್ಕೆ ಹೊರಡುತ್ತಿದ್ದರಂತೆ.

ಆಂಟಿ ಮನೆಗೆ ಬಂದು ಅಂಕಲ್‌ಗೆ ಹೇಳಿದರು. ಅಂಕಲ್ ಆ ಶನಿವಾರ ಬೇರೆ ಏನನ್ನೂ ಹೇಳದೆ 1 ಕೊರಿಂಥದ 11ನೇ ಅಧ್ಯಾಯ ತೆರೆಯಿರಿ ಅಂದರು. ಅದು ಅಪೊಸ್ತಲ ಪೌಲ ಕೊರಿಂಥ ಊರಿನ ಸಭೆಗೆ ಬರೆದ ಪತ್ರ. ನಾವು ಕರ್ತನ ಭೋಜನದ (ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಸಂಸ್ಕಾರ) ಹೊತ್ತಿಗೆ ಕೇಳುವ ಮಾತುಗಳು ಇರೋದು ಆ ಅಧ್ಯಾಯದಲ್ಲೇ, ಆದರೆ 23ನೇ ವಚನದಿಂದ ಮುಂದೆ. ಅಂಕಲ್ ಓದಿಸಿದ್ದು 17ರಿಂದ. ಅಲ್ಲಿರೋದು ಊಟದ ಜಗಳ. ಕೊರಿಂಥದ ವಿಶ್ವಾಸಿಗಳೂ ಮನೆಗಳಲ್ಲೇ ಕೂಡುತ್ತಿದ್ದರು. ಇರುವವರು ತಮ್ಮ ಊಟ ತಾವು ಮುಂಚೆ ಮುಗಿಸುತ್ತಿದ್ದರು. ಒಬ್ಬ ಹಸಿದೇ ಇರುತ್ತಿದ್ದ, ಇನ್ನೊಬ್ಬನಿಗೆ ಕುಡಿದದ್ದು ತಲೆಗೇರಿರುತ್ತಿತ್ತು. ಏನೂ ಇಲ್ಲದವರಿಗೆ ನಾಚಿಕೆ ಆಗುವ ಹಾಗೆ ಮಾಡುತ್ತೀರಾ ಅಂತ ಪೌಲ ಕೇಳುತ್ತಾನೆ. ಕೊನೆಗೆ ಅವನು ಕೊಡುವ ಪರಿಹಾರ ಬಹಳ ಸಾದಾ: ಒಬ್ಬರಿಗಾಗಿ ಒಬ್ಬರು ಕಾಯಿರಿ, ಹಸಿವಾದರೆ ಮನೆಯಲ್ಲಿ ತಿಂದು ಬನ್ನಿ. ಕರ್ತನ ಭೋಜನದ ಅಷ್ಟು ದೊಡ್ಡ ಮಾತುಗಳು ಹುಟ್ಟಿದ್ದು ಇಂಥ ತಟ್ಟೆ ಜಗಳದ ನಡುವೆ ಅಂತ ನಮ್ಮಲ್ಲಿ ಅರ್ಧ ಜನರಿಗೆ ಗೊತ್ತಿರಲಿಲ್ಲ.

ಅಕ್ಕನ ಹೆಸರು ಯಾರೂ ಎತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ.

ಅಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಬರೀ ಟೀ ಅಂತ ಕಟ್ಟುಪಾಡು ಮಾಡೋಣ ಅಂದಾಗ ವರ್ಕ್‌ಶಾಪ್ ಅಣ್ಣ ಎದ್ದು ನಿಂತರು. "ಮನೆಗೆ ಬಂದೋರನ್ನ ಹಂಗೇ ಕಳ್ಸೋದು ನಮ್ಮ ಪದ್ಧತಿ ಅಲ್ಲ ಅಂಕಲ್. ದೇವ್ರು ಕೊಟ್ಟಿದಾನೆ, ನಾಲ್ಕು ಜನಕ್ಕೆ ಹಾಕ್ತೀನಿ. ಇದ್ರಲ್ಲಿ ತಪ್ಪೇನು?" ಅವರ ಮಾತಿನಲ್ಲಿ ತಪ್ಪು ಹುಡುಕೋದು ಕಷ್ಟ. ಅವರು ದೊಡ್ಡಸ್ತಿಕೆ ತೋರಿಸುವ ಮನುಷ್ಯ ಅಲ್ಲ. ಅವರಮ್ಮನ ಕಾಲದಲ್ಲಿ ಹಳ್ಳಿಯಲ್ಲಿ ಇವರ ಮನೆಯಲ್ಲೇ ನೀರು ಮುಟ್ಟದವರು ಇದ್ದರಂತೆ. ಇವತ್ತು ಹತ್ತು ಜನ ತಮ್ಮ ಮನೆಯಲ್ಲಿ ಕೂತು ಉಣ್ಣೋದು ಅವರಿಗೆ ದೊಡ್ಡ ವಿಷಯ. ಅದನ್ನು ಕಸಿದುಕೊಂಡು ಕೂಟ ಸರಿ ಮಾಡ್ತೀವಿ ಅಂದರೆ ಅವರಿಗೆ ನೋವಾಗುತ್ತೆ.

ಇನ್ನೊಬ್ಬರು, ಸರಿ, ಇಲ್ಲದವರ ಸರದಿ ಬಂದಾಗ ನಾವೇ ತಿಂಡಿ ತಗೊಂಡು ಹೋಗೋಣ ಅಂದರು. ಮೇಲ್ನೋಟಕ್ಕೆ ಎಷ್ಟು ಒಳ್ಳೇ ಮಾತು ಅಲ್ವಾ? ಇದನ್ನು ಆಂಟಿ ಅಕ್ಕನ ಹತ್ತಿರ ಹೇಳಿದಾಗ ಬಂದ ಉತ್ತರ: "ನನ್ನ ಮನಿಗೆ ನೀವ ತಿನ್ನಾಕ ತಗೊಂಡ ಬರ್ತೀರಂದ್ರ, ಅದು ಮರ್ಯಾದಿ ಏನ್ರಿ ನನಗ?"

ಎರಡು ವಾರ ಜಗ್ಗಾಟ ಆಗಿ ಕೊನೆಗೆ ಸಿಸ್ಟರ್ ಹೇಳಿದ ಉಪಾಯ ನಿಂತಿತು. ಮನೆ ಕೊಡುವವರು ಒಬ್ಬರು, ಟೀ ತರುವವರು ಇನ್ನೊಬ್ಬರು. ಎಲ್ಲ ಮನೆಗೂ ಇದೇ ನಿಯಮ, ಅಂಕಲ್ ಮನೆಗೂ ಸೇರಿ. ದೊಡ್ಡ ಫ್ಲಾಸ್ಕಿನಲ್ಲಿ ಟೀ, ಜೊತೆಗೆ ಬಿಸ್ಕತ್ತೋ ಕಡಲೆಕಾಳು ಉಸಲಿಯೋ ಒಂದೇ ಐಟಂ. ಟೀ ಸರದಿ ಬೇರೆ ಪಟ್ಟಿ. ಗದಗಿನ ಅಕ್ಕನ ಟೀ ಸರದಿಯನ್ನು ತಿಂಗಳ ಎರಡನೇ ಶನಿವಾರಕ್ಕೇ ಹಾಕಿದೆವು, ಯಾಕೆ ಅಂತ ಬರೆಯಲಿಲ್ಲ. ಹಬ್ಬ, ಹುಟ್ಟುಹಬ್ಬ, ಸ್ತೋತ್ರದ ಊಟ ಯಾರು ಬೇಕಾದರೂ ಮಾಡಬಹುದು, ಆದರೆ ಶನಿವಾರದ ಕೂಟಕ್ಕೆ ಸೇರಿಸಬಾರದು, ಬೇರೆ ದಿನ ಕರೆಯಬೇಕು. ವರ್ಕ್‌ಶಾಪ್ ಅಣ್ಣ ಇದಕ್ಕೆ ಒಪ್ಪಿದರು. ಆಗಸ್ಟ್ 15ಕ್ಕೆ ಎಲ್ಲರನ್ನೂ ಕರೆದು ಊಟ ಹಾಕಿಯೂ ಬಿಟ್ಟರು.

ಅಕ್ಕನ ಮನೆಯಲ್ಲಿ ಕೂಟ ನಡೆದದ್ದು ಸೆಪ್ಟೆಂಬರ್‌ನಲ್ಲಿ. ಒಳಗೆ ಹೆಂಗಸರು, ಮಕ್ಕಳು. ಗಂಡಸರು ಬಾಗಿಲ ಹೊರಗೆ ಟೆರೇಸಿನಲ್ಲಿ ಚಾಪೆ ಹಾಕಿಕೊಂಡು ಕೂತೆವು. ಟೀ ಫ್ಲಾಸ್ಕು ಸಿಸ್ಟರ್ ತಂದಿದ್ದರು. ಪ್ರಾರ್ಥನೆ ಮುಗಿದ ಕೂಡಲೇ ಅಕ್ಕ ಒಂದು ದೊಡ್ಡ ಬೋಗುಣಿ ಹೊರಗೆ ತಂದರು. ಮಂಡಕ್ಕಿಗೆ ಈರುಳ್ಳಿ, ಟೊಮೆಟೊ, ಹುಣಸೆಹುಳಿಯ ಒಗ್ಗರಣೆ ಕಲಸಿ, ಮೇಲೆ ಪುಟಾಣಿ ಹಿಟ್ಟು, ಸೇವು ಉದುರಿಸಿದ ಗಿರ್ಮಿಟ್. ನಿಯಮ ಮುರಿದದ್ದೇ. ಅಂಕಲ್ ಏನಾದರೂ ಅಂತಾರಾ ಅಂತ ಎಲ್ಲರೂ ನೋಡಿದೆವು. ಅವರು ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದರು. ಮುಂದಿನ ವಾರದಿಂದ ಬಿಸ್ಕತ್ತು, ಉಸಲಿಯ ಜೊತೆ ಮಂಡಕ್ಕಿಯೂ ಪಟ್ಟಿಗೆ ಸೇರಿತು. ಅಷ್ಟಕ್ಕೇ ನಿಲ್ಲಿಸಿದ್ದೇವೆ. ಮಿರ್ಚಿ ಬಜ್ಜಿ ಸೇರಿಸೋಣ ಅಂತ ಒಬ್ಬರು ಕೇಳಿದರು, ಬೇಡ ಅಂದೆವು.

ಬ್ರಿಸ್ಟಲ್‌ನ ಪೆನ್ನಿ

ಇದನ್ನೆಲ್ಲ ಕೇಳಿದ ಅಯ್ಯನವರು ಒಂದು ಹಳೇ ಕತೆ ಹೇಳಿದರು. ಅದು ನಮ್ಮ ಕೂಟದ ರೀತಿಯನ್ನೇ ಬದಲಿಸಿದ್ದರಿಂದ ಇಲ್ಲಿ ಹೇಳಲೇಬೇಕು.

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ, ಮೆಥಡಿಸ್ಟ್ ಪಂಥ ಶುರು ಮಾಡಿದ ಜಾನ್ ವೆಸ್ಲಿಯ ಕಡೆಯವರು 1739ರಲ್ಲಿ ಒಂದು ಕೂಟದ ಮನೆ ಕಟ್ಟಿದರು. ಸಾಲ ಉಳಿಯಿತು. ಅದನ್ನು ತೀರಿಸೋದು ಹೇಗೆ ಅಂತ 1742ರ ಫೆಬ್ರವರಿ 15ರಂದು ಕೂತು ಮಾತಾಡುವಾಗ, ಕ್ಯಾಪ್ಟನ್ ಫಾಯ್ ಅನ್ನೋ ಹಡಗಿನ ಮನುಷ್ಯ, ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ (ಅಲ್ಲಿನ ಸಣ್ಣ ನಾಣ್ಯ) ಕೊಡಲಿ ಅಂದ. ಬಹಳ ಜನ ಬಡವರು, ಅವರಿಂದ ಅಷ್ಟೂ ಆಗೋದಿಲ್ಲ ಅಂತ ಇನ್ನೊಬ್ಬ ಹೇಳಿದ. ಹಾಗಾದರೆ ಅತಿ ಬಡವರಾದ 11 ಜನರನ್ನು ನನಗೆ ಕೊಡಿ, ವಾರ ವಾರ ನಾನೇ ಅವರ ಮನೆಗೆ ಹೋಗ್ತೀನಿ, ಅವರಿಂದ ಆದರೆ ಸರಿ, ಆಗದಿದ್ದರೆ ನನ್ನದರ ಜೊತೆ ಅವರದ್ದನ್ನೂ ನಾನೇ ಕೊಡ್ತೀನಿ ಅಂದ ಫಾಯ್. ಉಳಿದವರೂ ಹೀಗೇ ಹನ್ನೊಂದೋ ಹನ್ನೆರಡೋ ಜನರ ಹೊಣೆ ಹೊತ್ತರು.

ದುಡ್ಡಿಗೆ ಅಂತ ಮನೆ ಮನೆಗೆ ಹೋದವರಿಗೆ ಆ ಮನೆಗಳ ಒಳಗಿನ ಸ್ಥಿತಿ ಕಾಣಿಸಿತು. ಯಾರು ಹೇಗೆ ಬದುಕುತ್ತಿದ್ದಾರೆ, ಯಾರ ಮನೆಯಲ್ಲಿ ಜಗಳ, ಯಾರು ಕುಡಿತಕ್ಕೆ ಬಿದ್ದಿದ್ದಾರೆ ಅಂತ ತಿಳಿಯಿತು. ತಾನು ಇಷ್ಟು ದಿನ ಹುಡುಕುತ್ತಿದ್ದದ್ದು ಇದನ್ನೇ ಅಂತ ವೆಸ್ಲಿಗೆ ಆಗಲೇ ಹೊಳೆಯಿತು. ಸ್ವಲ್ಪ ಕಾಲ ಹೀಗೆ ನಡೆದ ಮೇಲೆ ಮನೆ ಮನೆಗೆ ಹೋಗೋದು ಕಷ್ಟ ಅಂತಾಯಿತು. ಹೊಣೆ ಹೊತ್ತವರಿಗೆ ಅಷ್ಟು ಸಮಯ ಸಿಗುತ್ತಿರಲಿಲ್ಲ. ಜೊತೆಗೆ ಬಹಳ ಜನ ಯಜಮಾನರ ಮನೆಯಲ್ಲಿ ಕೆಲಸಕ್ಕಿದ್ದವರು, ಅಲ್ಲಿಗೆ ಬಂದು ಮಾತಾಡಿಸೋದಕ್ಕೆ ಯಜಮಾನರು ಬಿಡುತ್ತಿರಲಿಲ್ಲ. ಅದಕ್ಕೇ ಆ ಹನ್ನೆರಡು ಜನರೇ ವಾರಕ್ಕೊಮ್ಮೆ ಒಂದು ಕಡೆ ಸೇರುವ ಪದ್ಧತಿ ಬಂತು. ಮೆಥಡಿಸ್ಟರ ಕ್ಲಾಸ್ ಮೀಟಿಂಗ್ ಹುಟ್ಟಿದ್ದು ಹೀಗೆ. ಆ ಪರಂಪರೆಯೇ ವೆಸ್ಲಿಯನ್ ಮಿಷನ್ ಜೊತೆ 19ನೇ ಶತಮಾನದಲ್ಲಿ ಮೈಸೂರು ಸಂಸ್ಥಾನಕ್ಕೂ ಬಂತು.

ಅಂದರೆ ಅಲ್ಲಿ ಮೊದಲು ಮನೆ ಭೇಟಿ, ಆಮೇಲೆ ಕೂಟ. ನಮ್ಮದು ಉಲ್ಟಾ. ಕೂಟವನ್ನು ಮಾತ್ರ ಇಟ್ಟುಕೊಂಡಿದ್ದೆವು, ಭೇಟಿ ಇರಲೇ ಇಲ್ಲ. ಬಂದವರನ್ನು ಎಣಿಸುತ್ತಿದ್ದೆವು. ಬಾರದವರ ಹೊಣೆ ಯಾರದ್ದೂ ಆಗಿರಲಿಲ್ಲ.

ಅಕ್ಟೋಬರ್‌ನಿಂದ ಮೂರು ಜೋಡಿ ಮಾಡಿದೆವು. ಒಂದೊಂದು ಜೋಡಿಗೆ ಮೂರು ಮನೆ. ಎರಡು ವಾರಕ್ಕೊಮ್ಮೆಯಾದರೂ ಶನಿವಾರ ಬಿಟ್ಟು ಬೇರೆ ದಿನ ಆ ಮನೆಗೆ ಹೋಗಿ ಬರಬೇಕು. ಫೋನ್ ಮಾಡಿದರೆ ಲೆಕ್ಕಕ್ಕಿಲ್ಲ. ಸತ್ಯವೇದ ತೆಗೆದುಕೊಂಡು ಹೋಗಬೇಕು ಅಂತಿಲ್ಲ. ಕೂಟಕ್ಕೆ ಯಾಕೆ ಬರಲಿಲ್ಲ ಅಂತ ಕೇಳಲೇಬಾರದು, ಇದು ಆಂಟಿ ಹಾಕಿದ ಷರತ್ತು.

ಹೆಂಗಸರ ಜೋಡಿ ಚೆನ್ನಾಗಿ ನಡೆಯಿತು. ಸಿಸ್ಟರ್ ನೈಟ್ ಡ್ಯೂಟಿ ಮುಗಿಸಿ ಬರುವ ದಾರಿಯಲ್ಲೇ ಒಂದು ಮನೆಗೆ ಹೋಗಿ ಅಲ್ಲಿನ ಅಜ್ಜಿಯ ಬಿಪಿ ನೋಡಿ ಬರುತ್ತಿದ್ದರು. ಅಜ್ಜಿಗೆ ಮಾತ್ರೆಯ ಡೋಸ್ ಹೆಚ್ಚುಕಮ್ಮಿ ಆಗುತ್ತಿದ್ದದ್ದು ಗೊತ್ತಾದದ್ದು ಹಾಗೆ. ಗಂಡಸರ ಜೋಡಿ ಅಷ್ಟಕ್ಕಷ್ಟೇ. ಗಂಡಸರು ಒಬ್ಬರ ಮನೆಗೆ ಇನ್ನೊಬ್ಬರು ಸುಮ್ನೆ ಹೋಗೋದಿಲ್ಲ. ಏನಾದರೂ ಕೆಲಸ ಬೇಕು. ವರ್ಕ್‌ಶಾಪ್ ಅಣ್ಣ ಮಾತ್ರ ಇದಕ್ಕೆ ದಾರಿ ಕಂಡುಕೊಂಡರು, ಟೂಲ್ ಬಾಕ್ಸ್ ಹಿಡಿದುಕೊಂಡು ಹೋಗಿ ಮಿಕ್ಸಿ, ಫ್ಯಾನು ರಿಪೇರಿ ಮಾಡಿ ಬರುತ್ತಾರೆ. ತಿಂಡಿ ಬೇಡ ಅಂದಾಗ ನೊಂದಿದ್ದ ಮನುಷ್ಯ ಈಗ ಗಂಡಸರ ಪೈಕಿ ಅತಿ ಹೆಚ್ಚು ಮನೆ ತಿರುಗುವವರು.

ಸರಿಹೋಗದೆ ಉಳಿದದ್ದು

ಎಲ್ಲವೂ ಹೀಗೆ ದಾರಿಗೆ ಬರಲಿಲ್ಲ. ಜೂನ್‌ನಲ್ಲಿ ಒಬ್ಬ ತಂದೆ ತನ್ನ ಮಗನ ವಿಷಯ ಪ್ರಾರ್ಥನೆಗೆ ಇಟ್ಟರು. ವಿಷಯ ಏನು ಅಂತ ಇಲ್ಲಿ ಬರೆಯೋದಿಲ್ಲ. ಹೇಳುವಾಗ ಗಂಟಲು ಕಟ್ಟಿತ್ತು, ವಿವರವಾಗಿಯೇ ಹೇಳಿಕೊಂಡರು. ಎರಡು ಭಾನುವಾರ ಕಳೆಯೋದರೊಳಗೆ ಊರೊಳಗಿನ ಸಭೆಯಲ್ಲಿ, ಅವರಿಗೆ ಪರಿಚಯವೇ ಇಲ್ಲದ ಒಬ್ಬರು ಬಂದು "ನಿಮ್ಮ ಮಗನಿಗೋಸ್ಕರ ಪ್ರಾರ್ಥನೆ ಮಾಡ್ತಿದೀವಿ ಬ್ರದರ್" ಅಂದರು. ಅವರ ಉದ್ದೇಶ ಒಳ್ಳೆಯದೇ ಇದ್ದಿರಬಹುದು. ಮಗ ಪಕ್ಕದಲ್ಲೇ ನಿಂತಿದ್ದ.

ಆ ಮನೆಯವರು ಮತ್ತೆ ಕೂಟಕ್ಕೆ ಬರಲಿಲ್ಲ. ಯಾರು ಹೇಳಿದ್ದು ಅಂತ ಪತ್ತೆ ಮಾಡೋಕೆ ಅಂಕಲ್ ಹೋಗಲಿಲ್ಲ, ಅದು ಸರಿಯೇ. ನಮ್ಮಲ್ಲಿ ಗುಟ್ಟು ಹೊರಗೆ ಹೋಗೋದು ಚಾಡಿಯ ರೂಪದಲ್ಲಲ್ಲ. ಸ್ವಲ್ಪ ಪ್ರಾರ್ಥನೆ ಮಾಡಿ ಅನ್ನೋ ಮಾತಿನ ಜೊತೆಗೇ ಹೋಗುತ್ತೆ. ಅದಕ್ಕೇ ಹಿಡಿಯೋದು ಕಷ್ಟ. ಆಮೇಲೆ ಎರಡು ಬದಲಾವಣೆ ಮಾಡಿದೆವು. ವಿವರ ಹೇಳದೆ ಬರೀ ನನಗೊಂದು ಭಾರ ಇದೆ ಅಂದರೂ ಸಾಕು, ಯಾರೂ ಕೆದಕಬಾರದು. ಕೂಟದಲ್ಲಿ ಕೇಳಿದ ಪ್ರಾರ್ಥನಾ ವಿಷಯ ವಾಟ್ಸಾಪ್‌ಗೆ ಹೋಗಬಾರದು. ಎರಡನೆಯದನ್ನು ಜನ ಪಾಲಿಸುತ್ತಿದ್ದಾರೆ. ಮೊದಲನೆಯದು ಅಷ್ಟಾಗಿ ಇಲ್ಲ, ಕೆದಕುವವರು ಕೆದಕುತ್ತಲೇ ಇದ್ದಾರೆ.

ಆ ತಂದೆಯ ಮನೆ ಅಂಕಲ್ ಜೋಡಿಗೆ ಬಂದಿದೆ. ಅಂಕಲ್ ಹೋಗುತ್ತಾರೆ, ಅವರೂ ಬಾಗಿಲು ತೆರೆದು ಮಾತಾಡಿಸುತ್ತಾರೆ, ಕ್ರಿಕೆಟ್, ರಾಜಕೀಯ ಎಲ್ಲ ಆಗುತ್ತೆ. ಕೂಟದ ಮಾತು ಬಂದರೆ ಏಳುತ್ತಾರೆ. ನನಗನಿಸೋದು, ಅವರು ವಾಪಸ್ ಬರೋದಿಲ್ಲ. ಬರಬೇಕು ಅಂತ ಒತ್ತಾಯ ಮಾಡುವ ಹಕ್ಕೂ ನಮಗಿಲ್ಲ.

ಇನ್ನೆರಡು ಸಣ್ಣ ವಿಷಯ. ಹಾಡಿನ ಸದ್ದಿಗೆ ಬಾಡಿಗೆ ಮನೆ ಮಾಲೀಕರೊಬ್ಬರು ತಕರಾರು ತೆಗೆದರು. 2022ರಲ್ಲಿ ಮತಾಂತರ ತಡೆ ಕಾಯ್ದೆ ಬಂದ ಮೇಲೆ ಮನೆಯಲ್ಲಿ ಪ್ರಾರ್ಥನೆ ಅಂದರೆ ಮಾಲೀಕರಿಗೆ ಒಂಥರಾ ಭಯ. ಬಾಡಿಗೆಗಿದ್ದವರೇ ಅವರನ್ನು ಒಳಗೆ ಕರೆದು ಕೂರಿಸಿ ಏನು ನಡೆಯುತ್ತೆ ಅಂತ ತೋರಿಸಿದರು. ಕೀಬೋರ್ಡ್ ಬೇಡ, ಎಂಟೂವರೆಗೆ ಮುಗಿಸಿ ಅಂದರು, ಮುಗಿಸುತ್ತೇವೆ. ಇನ್ನು ಹುಡುಗರು. ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಸತ್ಯವೇದದ ಕನ್ನಡ ಓದೋಕೆ ನಾಲಿಗೆ ತಿರುಗೋದಿಲ್ಲ. ಸರದಿಯ ಮೇಲೆ ಒಂದೊಂದು ವಚನ ಓದಿಸಿದಾಗ ತಡವರಿಸಿ, ದೊಡ್ಡವರು ನಕ್ಕು, ಅವರು ಬರೋದೇ ಬಿಟ್ಟರು. ಈಗ ಓದಿಸೋದು ನಿಲ್ಲಿಸಿದ್ದೇವೆ. ಕೆಲವರು ಬರುತ್ತಾರೆ, ಫೋನ್ ನೋಡುತ್ತಾ ಕೂರುತ್ತಾರೆ. ಇದಕ್ಕೆ ನಮ್ಮ ಹತ್ತಿರ ಉತ್ತರ ಇಲ್ಲ.

ವರ್ಷದ ಕೊನೆಗೆ

ಡಿಸೆಂಬರ್‌ನಲ್ಲಿ ಕ್ಯಾರಲ್ಸ್‌ಗೆ ಎಲ್ಲ ಮನೆಗೂ ಹೋದೆವು. ಕ್ರಿಸ್ಮಸ್ ತಿಂಡಿಗೆ ನಿಯಮ ಇಲ್ಲ ಅಂತ ಮೊದಲೇ ಘೋಷಣೆ ಆಗಿತ್ತು. ಸಿಸ್ಟರ್ ಮನೆಯಲ್ಲಿ ಕುಸ್ವಾರ್ (ಕರಾವಳಿಯ ಕ್ರಿಸ್ಮಸ್ ತಿಂಡಿಗಳು), ಗದಗಿನ ಅಕ್ಕನ ಮನೆಯಲ್ಲಿ ಕರ್ಚಿಕಾಯಿ, ವರ್ಕ್‌ಶಾಪ್ ಅಣ್ಣನ ಮನೆಯಲ್ಲಿ ಏನೇನಿತ್ತು ಅಂತ ಹೇಳೋದೇ ಬೇಡ.

ಹಾಜರಿ ಲೆಕ್ಕ ನೋಡಿದರೆ ವರ್ಷದ ಮೊದಲರ್ಧಕ್ಕಿಂತ ಕೊನೆಯಲ್ಲಿ ಒಂದು ಶನಿವಾರಕ್ಕೆ ಬರುವವರ ಸಂಖ್ಯೆ ಜಾಸ್ತಿ ಏನಾಗಿಲ್ಲ. ಬಿರಿಯಾನಿಯ ದಿನದ ದಾಖಲೆ ಇನ್ನೂ ಹಾಗೇ ಇದೆ. ಬದಲಾದದ್ದು ಎರಡು. ಕೂಟಕ್ಕೆ ಬರುವ ಮನೆ 8, ಆ ಎಂಟೂ ಮನೆಯಲ್ಲಿ ಸರದಿ ನಡೆದಿದೆ. ಯಾರಾದರೂ ಎರಡು ವಾರ ಬಾರದಿದ್ದರೆ ಯಾಕೆ ಅಂತ ಕೂಟದಲ್ಲಿ ಒಬ್ಬರಿಗಾದರೂ ಗೊತ್ತಿರುತ್ತೆ. ಅಕ್ಕನಿಗೆ ನವೆಂಬರ್‌ನಲ್ಲಿ ಓವರ್‌ಟೈಮ್ ಇದ್ದದ್ದರಿಂದ ಮೂರು ಶನಿವಾರ ಬರಲಿಲ್ಲ. ಈ ಸಲ ಅವರ ವಿಶ್ವಾಸಕ್ಕಾಗಿ ಯಾರೂ ಪ್ರಾರ್ಥನೆ ಮಾಡಲಿಲ್ಲ. ಸಿಸ್ಟರ್ ಹೋಗಿ ಮಕ್ಕಳನ್ನು ತಮ್ಮ ಮನೆಗೆ ಕರೆದುಕೊಂಡು ಬಂದು ಊಟ ಹಾಕಿ ಮಲಗಿಸುತ್ತಿದ್ದರು.

ಈಗ ಮುಂದಿರುವ ಪ್ರಶ್ನೆ ಬೇರೆ. ಹೊಸ ವರ್ಷಕ್ಕೆ ಇನ್ನೂ ನಾಲ್ಕು ಕುಟುಂಬ ಸೇರಬೇಕು ಅಂತಿವೆ. ಮೂರು ಪೀಣ್ಯ ಎರಡನೇ ಹಂತದ ಕಡೆಯವು, ಒಂದು ನಾಗಸಂದ್ರದ್ದು. 12 ಮನೆ ಆದರೆ ಅಂಕಲ್ ಮನೆಯ ಹಾಲು ಸಾಕಾಗುತ್ತೆ, ಅಕ್ಕನ ಟೆರೇಸು ಸಾಕಾಗೋದಿಲ್ಲ. ಆಗ ಮತ್ತೆ ದೊಡ್ಡ ಮನೆಗಳಿಗೆ ಮಾತ್ರ ಸರದಿ ಅಂತ ಆಗುತ್ತೆ. ಕೂಟವನ್ನು ಈಗಲೇ ಎರಡು ಮಾಡಬೇಕು ಅನ್ನೋದು ನನ್ನ ಮತ. ಅಂಕಲ್ ಒಪ್ಪುತ್ತಿಲ್ಲ. ಈಗಷ್ಟೇ ಒಬ್ಬರಿಗೊಬ್ಬರು ಹೊಂದಿಕೊಂಡಿದ್ದಾರೆ, ಒಡೆದರೆ ಎರಡೂ ಕಡೆ ಮುಂದಾಳು ಇರೋದಿಲ್ಲ ಅಂತಾರೆ. ಅದೂ ನಿಜ, ಎರಡನೇ ಕೂಟ ನಡೆಸೋಕೆ ಸಿಸ್ಟರ್ ಒಬ್ಬರೇ ಕಾಣಿಸುತ್ತಾರೆ, ಅವರಿಗೆ ಶಿಫ್ಟು. ಆಂಟಿ ಇನ್ನೊಂದು ಹೆಸರು ಹೇಳಿದರು, ಗದಗಿನ ಅಕ್ಕ. ಅಕ್ಕ ಒಪ್ಪಿಯೂ ಇಲ್ಲ, ಬೇಡ ಅಂತಲೂ ಅಂದಿಲ್ಲ. ಫೆಬ್ರವರಿಯಲ್ಲಿ ಅಯ್ಯನವರು ಬಂದಾಗ ತೀರ್ಮಾನ ಆಗಬೇಕು.